ಹದಿನಾಲ್ಕರ ಬೆಕ್ಕಿಗೆ ಕರುಳಿನ ಕ್ಯಾನ್ಸರ್ ಇದ್ದರೆ ಚಿಕಿತ್ಸೆ ಎಲ್ಲಿಯವರೆಗೆ?

ನಿಮ್ಮ 14 ವರ್ಷದ ಬೆಕ್ಕು ಸೊರಗುತ್ತಿದೆ, ಆಗಾಗ ವಾಂತಿ ಮಾಡುತ್ತಿದೆ, ಅಲ್ಟ್ರಾಸೌಂಡಿನಲ್ಲಿ ಕರುಳಿನ ಗೋಡೆ ದಪ್ಪವಾಗಿರುವುದನ್ನು ಕಂಡ ವೈದ್ಯರು ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದೆಂದಿದ್ದಾರೆ. ಬಯಾಪ್ಸಿ, ಕೀಮೋಥೆರಪಿ ಎಂದು ಮುಂದುವರಿಯಬೇಕೇ, ಮನೆಯವರು ಹೇಳುವಂತೆ ವಯಸ್ಸಾಯಿತೆಂದು ಸುಮ್ಮನಿರಬೇಕೇ ಎಂದು ಕೇಳಿದ್ದೀರಿ. ನಾನು ಪಶುವೈದ್ಯೆಯಲ್ಲ. ಇದೇ ಕಾಯಿಲೆಯಿದ್ದ ಮುದಿ ಬೆಕ್ಕೊಂದನ್ನು ಕೊನೆಯವರೆಗೆ ನೋಡಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ.

ವಯಸ್ಸಿಗಿಂತ ಮೊದಲು ವಿಚಾರಿಸಬೇಕಾದದ್ದು ಇದು ಯಾವ ಬಗೆಯ ಲಿಂಫೋಮಾ ಎಂಬುದನ್ನು. ಸಣ್ಣ ಜೀವಕೋಶದ ಬಗೆಯು ನಿಧಾನವಾಗಿ ಬೆಳೆಯುತ್ತದೆ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮತ್ತು ಕ್ಲೋರಾಂಬ್ಯುಸಿಲ್ ಎಂಬ ಕೀಮೋ ಔಷಧದ ಮಾತ್ರೆಗಳನ್ನು ಮನೆಯಲ್ಲೇ ಕೊಡುತ್ತಾ ಅನೇಕ ಬೆಕ್ಕುಗಳು ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಚೆನ್ನಾಗಿಯೇ ಬದುಕುತ್ತವೆ. ದೊಡ್ಡ ಜೀವಕೋಶದ್ದು ಹಾಗಲ್ಲ. ಹಲವು ಔಷಧಗಳನ್ನು ಚುಚ್ಚುಮದ್ದಿನ ಮೂಲಕ ಕೊಡಿಸಲು ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ಅದಕ್ಕೆ ಸ್ಪಂದಿಸಿದರೂ ಸಾಮಾನ್ಯವಾಗಿ ಸಿಗುವುದು ಕೆಲವು ತಿಂಗಳುಗಳು. ಮೊದಲನೆಯದಾದರೆ ಚಿಕಿತ್ಸೆ ಕೊಡಿಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ಎರಡನೆಯದಾಗಿದ್ದು ಬೆಕ್ಕಿಗೆ ಪಂಜರ, ಪ್ರಯಾಣಗಳೆಂದರೆ ಜೀವ ಹೋಗುವಷ್ಟು ಭಯವಿದ್ದರೆ, ನಾನಾಗಿದ್ದರೆ ನೋವು, ವಾಕರಿಕೆಗಳನ್ನು ತಗ್ಗಿಸುವ ಔಷಧಕ್ಕಷ್ಟೇ ನಿಲ್ಲಿಸುತ್ತಿದ್ದೆ.

ಪರೀಕ್ಷೆಗಳ ವಿಷಯದಲ್ಲಿ ಪ್ರತಿ ಸಲವೂ ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ಇದರ ಫಲಿತಾಂಶದಿಂದ ನಾವು ಮುಂದೆ ಮಾಡುವುದೇನಾದರೂ ಬದಲಾಗುತ್ತದೆಯೇ? ಸೂಜಿಯಿಂದ ಜೀವಕೋಶ ತೆಗೆದು ನೋಡಿದರೆ ದೊಡ್ಡ ಜೀವಕೋಶದ ಬಗೆ ಹಲವು ವೇಳೆ ಪತ್ತೆಯಾಗುತ್ತದೆ. ಆದರೆ ಸಣ್ಣ ಜೀವಕೋಶದ್ದನ್ನು ಕರುಳಿನ ದೀರ್ಘಕಾಲದ ಉರಿಯೂತದಿಂದ ಬೇರ್ಪಡಿಸಲು ಅರಿವಳಿಕೆ ಕೊಟ್ಟು ಅಂಗಾಂಶವನ್ನೇ ತೆಗೆಯಬೇಕು. ಮೂತ್ರಪಿಂಡವೋ ಹೃದಯವೋ ದುರ್ಬಲವಾಗಿದ್ದರೆ ಬಯಾಪ್ಸಿಯಿಲ್ಲದೆಯೇ ಔಷಧ ಆರಂಭಿಸುವ ವೈದ್ಯರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಬಯಾಪ್ಸಿ ಮಾಡಿಸುವ ಮನಸ್ಸಿದ್ದರೆ ಅದಕ್ಕೆ ಮೊದಲು ಸ್ಟಿರಾಯ್ಡ್ ಶುರುಮಾಡಬೇಡಿ, ಏಕೆಂದರೆ ಫಲಿತಾಂಶ ಮಸುಕಾಗಬಹುದು. ವಿಟಮಿನ್ ಬಿ12 ಮಟ್ಟವನ್ನಂತೂ ಕೇಳಿ ಪರೀಕ್ಷೆ ಮಾಡಿಸಿ: ಕರುಳು ಕೆಟ್ಟ ಬೆಕ್ಕುಗಳಲ್ಲಿ ಅದು ಕಡಿಮೆಯಾಗುವುದು ಸಾಮಾನ್ಯ, ಚುಚ್ಚುಮದ್ದು ದುಬಾರಿಯಲ್ಲ.

ಕೀಮೋ ಎಂದೊಡನೆ ನಾವು ಮನುಷ್ಯರ ವಾರ್ಡನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇವೆ. ಪ್ರಾಣಿಗಳಲ್ಲಿ ಉದ್ದೇಶ ಸಾಮಾನ್ಯವಾಗಿ ನೆಮ್ಮದಿಯ ಬದುಕನ್ನು ಉಳಿಸುವುದಾದ್ದರಿಂದ ಔಷಧದ ತೀವ್ರತೆಯನ್ನು ಕಡಿಮೆ ಇಡುತ್ತಾರೆ. ನಮ್ಮ ಬೆಕ್ಕಿನ ಮೈತುಂಬ ಕೂದಲು ಹಾಗೆಯೇ ಇತ್ತು, ಮೀಸೆಗಳು ಮಾತ್ರ ಒಂದೊಂದಾಗಿ ಚಾಪೆಯ ಮೇಲೆ ಸಿಗುತ್ತಿದ್ದವು. ಬಿಳಿ ರಕ್ತಕಣಗಳ ಎಣಿಕೆಯನ್ನು ಆಗಾಗ ನೋಡಿಸಬೇಕು. ಕ್ಲೋರಾಂಬ್ಯುಸಿಲ್ ಮಾತ್ರೆಯನ್ನು ತುಂಡರಿಸದೆ ಕೈಗವಸು ಹಾಕಿಕೊಂಡು ಕೊಡಬೇಕು, ಮನೆಯಲ್ಲಿ ಗರ್ಭಿಣಿಯರಿದ್ದರೆ ಮಾತ್ರೆಯನ್ನಾಗಲಿ ಮಲಮೂತ್ರದ ತಟ್ಟೆಯನ್ನಾಗಲಿ ಅವರು ಮುಟ್ಟಬಾರದು. ಪ್ರಯಾಣದ ಭಯಕ್ಕೆ ಗ್ಯಾಬಪೆಂಟಿನ್ ಕೊಡಬಹುದೇ ಎಂದು ಕೇಳಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಖಂಡಿತ ಬೇಡ, ಅದು ಬೆಕ್ಕಿಗೆ ವಿಷ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ಬರೆದಿಡಿ. ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ರೂಪಿಸಿದ ಅಳತೆಯೊಂದಿದೆ: ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬ ಏಳಕ್ಕೂ ಹತ್ತರಲ್ಲಿ ಅಂಕ (ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು) ಕೊಟ್ಟು, ಮೊತ್ತ 35ಕ್ಕಿಂತ ಹೆಚ್ಚಿದ್ದರೆ ಮುಂದುವರಿಯಬಹುದೆನ್ನುತ್ತಾರೆ. ಅದರ ಜೊತೆಗೆ ನಿಮ್ಮ ಬೆಕ್ಕಿಗೇ ವಿಶೇಷವಾದ ಒಂದೆರಡು ಅಭ್ಯಾಸಗಳನ್ನೂ ಸೇರಿಸಿ. ನಮ್ಮದು ಬೂತಾಯಿ ಮೀನು ಶುಚಿ ಮಾಡುವ ಸದ್ದಿಗೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತಿತ್ತು. ಅದು ಬರುವುದನ್ನು ಬಿಟ್ಟು, ನೀರಿನ ಬಟ್ಟಲಿನ ಮುಂದೆ ಕುಡಿಯದೆ ಮುದುಡಿ ಕುಳಿತು, ಮೈ ನೆಕ್ಕಿಕೊಳ್ಳದೆ ಕೂದಲು ಗಂಟುಗಟ್ಟತೊಡಗಿದಾಗ, ಬೆಕ್ಕುಗಳು ನೋವನ್ನು ಬಚ್ಚಿಡುತ್ತವೆಂಬುದನ್ನು ತಿಳಿದಿದ್ದ ನಮಗೆ ಬೇರೆ ಪುರಾವೆ ಬೇಕಾಗಲಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುವ ಅಪಾಯವಿರುವುದರಿಂದ, ಅಷ್ಟು ದಿನ ಕಾಯದೆ ವೈದ್ಯರನ್ನು ಕಾಣಿ.

ಹಣದ ಮಿತಿಯನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ಮೊದಲೇ ತಿಳಿಸಿ. ಬರೀ ಸ್ಟಿರಾಯ್ಡ್ ಮತ್ತು ವಾಂತಿ ತಡೆಯುವ ಔಷಧ ಕೊಟ್ಟು ನೋಡಿಕೊಳ್ಳುವುದೂ ಚಿಕಿತ್ಸೆಯೇ. ದಯಾಮರಣಕ್ಕೆ ವೈದ್ಯರು ಮನೆಗೆ ಬರುತ್ತಾರೆಯೇ, ಭಾನುವಾರ ರಾತ್ರಿ ಸ್ಥಿತಿ ಬಿಗಡಾಯಿಸಿದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಈ ವಾರವೇ ಕೇಳಿ ತಿಳಿದುಕೊಳ್ಳಿ.