ಚಹಾ ಅಗ್ಗವಾಗಿತ್ತು, ಮತ್ತೆ ಸಿಟ್ಟು ಯಾಕೆ?

ಅಮೆರಿಕದ ಸ್ವಾತಂತ್ರ್ಯ ಸಮರದ ಬಗ್ಗೆ ನಾವು ಪ್ರಕಟಿಸಿದ ಲೇಖನಕ್ಕೆ ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ತಕರಾರು ಇಷ್ಟು: ಆಗ ಬ್ರಿಟನ್ನಿನ ಜನ ವಸಾಹತಿನವರಿಗಿಂತ ಎಷ್ಟೋ ಜಾಸ್ತಿ ತೆರಿಗೆ ಕಟ್ಟುತ್ತಿದ್ದರು. 1773ರ ಚಹಾ ಕಾಯ್ದೆಯಿಂದ ಚಹಾ ಅಗ್ಗವೇ ಆಗುತ್ತಿತ್ತು. ಹಾಗಿದ್ದೂ ದಂಗೆ ಎದ್ದರೆಂದರೆ ಅದು ಕಳ್ಳಸಾಗಣೆ ವ್ಯಾಪಾರಿಗಳ ಕಿತಾಪತಿ ಅಲ್ವಾ? ಜೊತೆಗೆ ಇನ್ನೊಂದು ಪ್ರಶ್ನೆ: ಅಮೆರಿಕನ್ನರು ಹಡಗೊಂದಕ್ಕೆ ಹೈದರ್ ಅಲಿಯ ಹೆಸರಿಟ್ಟಿದ್ದರಂತೆ, ನಿಜವೇ?

ನಿಮ್ಮ ಎರಡೂ ಲೆಕ್ಕ ಸರಿಯಾಗಿದೆ. ಆದರೆ ಜಗಳ ದುಡ್ಡು ಎಷ್ಟು ಅನ್ನುವುದರ ಮೇಲಲ್ಲ, ಅದನ್ನು ಕೇಳುವವರು ಯಾರು, ಅದು ಹೋಗುವುದೆಲ್ಲಿಗೆ ಅನ್ನುವುದರ ಮೇಲೆ.

ಫ್ರಾನ್ಸಿನ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿಯುವ ಹೊತ್ತಿಗೆ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಅಮೆರಿಕದಲ್ಲಿಟ್ಟ ಸೈನ್ಯದ ಖರ್ಚಿಗೆ ಅಲ್ಲಿನವರೂ ಕೊಡಲಿ ಎಂದು ಲಂಡನ್ ಹೊರಟಿತು. 1765ರಲ್ಲಿ ಛಾಪಾ ಕಾಯ್ದೆ ಬಂತು. ಕೋರ್ಟಿನ ಕಾಗದ, ಪತ್ರಿಕೆ, ಕಡೆಗೆ ಇಸ್ಪೀಟು ಎಲೆಗೂ ತೆರಿಗೆ! ಗಲಾಟೆಯಾಯಿತು, ಮರುವರ್ಷ ವಾಪಸ್ ಪಡೆದರು. ಆದರೆ ಅದರ ಜೊತೆಗೇ ಇನ್ನೊಂದು ಕಾಯ್ದೆ ಮಾಡಿ, ವಸಾಹತುಗಳಿಗೆ ಯಾವ ವಿಷಯದಲ್ಲಿ ಬೇಕಾದರೂ ಕಾನೂನು ಮಾಡುವ ಹಕ್ಕು ಪಾರ್ಲಿಮೆಂಟಿಗಿದೆ ಎಂದು ಬರೆದಿಟ್ಟುಕೊಂಡರು. ಆ ಪಾರ್ಲಿಮೆಂಟಿಗೆ ಅಮೆರಿಕದಿಂದ ಆರಿಸಿ ಹೋದವರು ಒಬ್ಬರೂ ಇರಲಿಲ್ಲ.

ನಮ್ಮ ಲೇಖನದಲ್ಲಿ ಬರದೇ ಹೋದ ಒಂದು ವಿಷಯ ಇಲ್ಲಿ ಹೇಳಬೇಕು. ಬೋಸ್ಟನ್ ಊರಿದ್ದ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರನ್ನು ನೇಮಿಸುತ್ತಿದ್ದುದು ಲಂಡನ್. ಆದರೆ ಅವನ ಸಂಬಳ ಮಂಜೂರು ಮಾಡುತ್ತಿದ್ದುದು ಅಲ್ಲಿನ ಜನ ಆರಿಸಿದ ಸಭೆ, ಅದೂ ವರ್ಷದಿಂದ ವರ್ಷಕ್ಕೆ. ಅಂದರೆ ಗವರ್ನರನ ಜುಟ್ಟು ಸಭೆಯ ಕೈಯಲ್ಲಿತ್ತು. ಅತಿಯಾಗಿ ಆಡಿದರೆ ಸಂಬಳ ತಡೆಯಬಹುದಿತ್ತು. 1767ರ ಆಮದು ಸುಂಕಗಳು ಈ ಜುಟ್ಟು ಬಿಡಿಸಲು ಬಂದವು. ಗಾಜು, ಕಾಗದ, ಬಣ್ಣ, ಸೀಸ, ಚಹಾದ ಮೇಲಿನ ಸುಂಕದ ದುಡ್ಡಿನಲ್ಲಿ ಗವರ್ನರ್ ಮತ್ತು ಜಡ್ಜುಗಳಿಗೆ ಲಂಡನ್ನೇ ಸಂಬಳ ಕೊಡಬಹುದಿತ್ತು. 1770ರಲ್ಲಿ ಉಳಿದ ಸುಂಕ ತೆಗೆದರೂ ಒಂದು ಪೌಂಡ್ ತೂಕಕ್ಕೆ 3 ಪೆನ್ಸಿನ ಚಹಾ ಸುಂಕವನ್ನು ಮಾತ್ರ ಉಳಿಸಿಕೊಂಡರು. 1772ರಲ್ಲಿ ಗವರ್ನರ್ ಥಾಮಸ್ ಹಚಿನ್ಸನ್ ‘ನಿಮ್ಮ ಸಂಬಳ ನನಗೆ ಬೇಡ’ ಎಂದೇಬಿಟ್ಟ. ಚಹಾ ಕುಡಿದಷ್ಟೂ ಅವನ ಸಂಬಳಕ್ಕೆ ದಾರಿ. ಈಗ ಹೇಳಿ, ಅಗ್ಗವಾದರೆ ಸಿಟ್ಟು ಕಮ್ಮಿಯಾಗುತ್ತದೆಯೇ?

ಚಹಾ ಅಗ್ಗವಾದದ್ದೂ ಜನರ ಮೇಲಿನ ಪ್ರೀತಿಗಲ್ಲ. ದಿವಾಳಿಯ ಅಂಚಿಗೆ ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯ ಗೋದಾಮುಗಳಲ್ಲಿ ಚಹಾ ರಾಶಿ ಬಿದ್ದಿತ್ತು. (ಅದು ಚೀನಾದ ಚಹಾ. ಅಸ್ಸಾಮಿನಲ್ಲಿ ಆಗಿನ್ನೂ ಚಹಾ ತೋಟಗಳಿರಲಿಲ್ಲ.) ಕಂಪನಿಯನ್ನು ಉಳಿಸಲು, ತಾನೇ ಆರಿಸಿದ ಏಜೆಂಟರ ಮೂಲಕ ಅಮೆರಿಕದಲ್ಲಿ ನೇರ ಮಾರಲು ಅನುಮತಿ ಕೊಟ್ಟರು. ಬೋಸ್ಟನ್ನಿನ ಏಜೆಂಟರಲ್ಲಿ ಇಬ್ಬರು ಯಾರು ಗೊತ್ತಾ? ಹಚಿನ್ಸನ್ನನ ಮಕ್ಕಳು. ಅಪ್ಪನಿಗೆ ಸಂಬಳ, ಮಕ್ಕಳಿಗೆ ಕಮಿಷನ್. 1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ನಿನ ಜನ ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಜೇಬಿಗೆ ಚಹಾ ತುಂಬಿಕೊಳ್ಳಲು ಹೋದವನನ್ನು ಜೊತೆಯವರೇ ಹಿಡಿದು ಹೊರಗಟ್ಟಿದರು.

ವ್ಯಾಪಾರಿಗಳ ಕೈವಾಡ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಡಚ್ ಚಹಾ ಕದ್ದು ತರಿಸುತ್ತಿದ್ದವರಿಗೆ ಹೊಟ್ಟೆಗೆ ಹೊಡೆತ ಬಿದ್ದದ್ದು ನಿಜ. ಆದರೆ 1774ರಲ್ಲಿ ಲಂಡನ್ ಸಿಟ್ಟಿನಿಂದ ಬೋಸ್ಟನ್ ಬಂದರು ಮುಚ್ಚಿ, ಮ್ಯಾಸಚೂಸೆಟ್ಸಿನ ಆಡಳಿತದ ಸನದನ್ನೇ ತಿದ್ದಿ, ಊರ ಸಭೆಗಳಿಗೆ ಕಡಿವಾಣ ಹಾಕಿದಾಗ ಬೀದಿಗೆ ಬಂದವರು ರೈತರು. ಸೆಪ್ಟೆಂಬರ್ 6ರಂದು ವೂಸ್ಟರ್ ಎಂಬ ಊರಿನಲ್ಲಿ ಸುತ್ತಲಿನ ಹಳ್ಳಿಗಳ 4,000ಕ್ಕೂ ಹೆಚ್ಚು ಜನ ಕೋರ್ಟಿನ ಬೀದಿಯ ಎರಡೂ ಬದಿ ಸಾಲಾಗಿ ನಿಂತರು. ಕೋರ್ಟಿನ ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು ಮಧ್ಯೆ ನಡೆದುಬಂದರು. ‘ಹೊಸ ಕಾಯ್ದೆಯ ಕೆಲಸ ನಾವು ಮಾಡುವುದಿಲ್ಲ’ ಎಂದು ಮತ್ತೆ ಮತ್ತೆ ಓದಿ ಹೇಳಿದರು, ಹಿಂದೆ ನಿಂತವರಿಗೂ ಕೇಳಬೇಕಲ್ಲ! ಒಂದು ಗುಂಡೂ ಹಾರಲಿಲ್ಲ. ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ಯುದ್ಧದ ಮೊದಲ ಗುಂಡು ಹಾರಿದ್ದು 1775ರ ಏಪ್ರಿಲಿನಲ್ಲಿ. ನನ್ನ ಮಟ್ಟಿಗೆ ದಂಗೆ ಶುರುವಾದದ್ದು ವೂಸ್ಟರಿನಂಥ ಊರುಗಳಲ್ಲೇ.

ಇವರ ಸ್ವಾತಂತ್ರ್ಯದ ಮಾತಿನಲ್ಲಿ ಗುಲಾಮರಿಗೆ ಜಾಗ ಇರಲಿಲ್ಲ. ಅಪಲಾಚಿಯನ್ ಬೆಟ್ಟಗಳ ಆಚೆ, ಮೂಲನಿವಾಸಿಗಳ ನೆಲದಲ್ಲಿ ನೆಲೆಸಬೇಡಿ ಎಂದು ರಾಜ 1763ರಲ್ಲಿ ಹೇಳಿದ್ದೂ ಇವರ ಸಿಟ್ಟಿಗೆ ಒಂದು ಕಾರಣ. ಇದನ್ನು ಮುಚ್ಚಿಡಬೇಕಿಲ್ಲ.

ಹಡಗಿನ ವಿಷಯ ನಿಜ. ಪೆನ್ಸಿಲ್ವೇನಿಯಾದ ಆ ಹಡಗಿನ ಹೆಸರು ‘ಹೈದರ್ ಆಲಿ’. ಕ್ಯಾಪ್ಟನ್ ಜೋಶುವಾ ಬಾರ್ನಿ 1782ರ ಏಪ್ರಿಲಿನಲ್ಲಿ ಅದರಿಂದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಹಿಡಿದ. ಅದೇ ಹೊತ್ತಿಗೆ ನಿಜವಾದ ಹೈದರ್ ಇಲ್ಲಿ ಅದೇ ಬ್ರಿಟಿಷರ ಜೊತೆ ಕಾದಾಡುತ್ತಿದ್ದ. ಹಿಂದಿನ ವರ್ಷ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಬ್ರಿಟಿಷ್ ಸೈನ್ಯದ ದಂಡನಾಯಕ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ. ಇದರ ಬಗ್ಗೆ ಬರೆಯುವ ಉಮೇದು ನಿಮಗಿದ್ದರೆ ಕಳಿಸಿ, ಜಾಗ ಮಾಡಿಕೊಡುತ್ತೇನೆ.

– ಸಂಪಾದಕ