ಕೀಟನಾಶಕದ ಖಾಲಿ ಬಾಟಲಿಯನ್ನು ತೊಳೆದು ಮನೆಗೆ ಬಳಸಬಹುದಾ?

ಬೇಡ, ಸೀಮೆಎಣ್ಣೆ ತುಂಬಿಡೋಕೂ ಬೇಡ. ಎಷ್ಟು ತೊಳೆದರೂ ಪ್ಲಾಸ್ಟಿಕ್ ಒಳಗೆ ಸ್ವಲ್ಪ ವಿಷ ಇಂಗಿರುತ್ತದೆ.

ಹಾಗಿದ್ದರೂ ತೊಳೆಯಲೇಬೇಕು, ಅದೂ ಔಷಧಿ ಮುಗಿದ ತಕ್ಷಣ, ಗದ್ದೆಯಲ್ಲೇ, ಕೈಗವಸು ಹಾಕಿಕೊಂಡು. ಒಣಗಿದರೆ ಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡೋದಿಲ್ಲ. ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಅರ್ಧ ನಿಮಿಷ ಚೆನ್ನಾಗಿ ಕುಲುಕಿ. ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಹೀಗೆ 3 ಸಲ.

3 ಸಲ ಯಾಕೆ ಅಂದರೆ, ಲೆಕ್ಕ ನೋಡಿ. 1 ಲೀಟರ್ ಬಾಟಲಿಯ ತಳದಲ್ಲಿ 10 ಮಿ.ಲೀ. ಔಷಧಿ ಉಳಿದಿದೆ ಅಂದುಕೊಳ್ಳಿ. 250 ಮಿ.ಲೀ. ನೀರು ಹಾಕಿ ಸುರಿದಾಗ ಮತ್ತೆ 10 ಮಿ.ಲೀ. ಉಳಿದರೂ, ಅದರಲ್ಲಿರೋ ವಿಷ ಮೊದಲಿನ 26ರಲ್ಲಿ 1 ಪಾಲು. ಮೂರನೇ ಸಲಕ್ಕೆ 17 ಸಾವಿರದಲ್ಲಿ 1 ಪಾಲಿಗಿಂತ ಕಮ್ಮಿ. ಅದೇ 750 ಮಿ.ಲೀ. ನೀರನ್ನು ಒಂದೇ ಸಲ ಹಾಕಿದ್ದರೆ 76ರಲ್ಲಿ 1 ಪಾಲು ಉಳಿಯುತ್ತಿತ್ತು. ತೊಳೆದ ನೀರು ಕಾಲುವೆಗೋ ಬಾವಿಕಟ್ಟೆಗೋ ಹೋಗಬಾರದು. ಟ್ಯಾಂಕಿಗೆ ಹೋದರೆ ಬೆಳೆಗಾದರೂ ಆಯ್ತು, ಅಲ್ವಾ?

ಆಮೇಲೆ ಬಾಟಲಿಗೆ ತೂತು ಹೊಡೆದು, ಬೀಗ ಹಾಕೋ ಜಾಗದಲ್ಲಿ ಇಟ್ಟು, ಖಾಲಿ ಡಬ್ಬಿ ವಾಪಸ್ ತಗೊಳ್ಳೋ ವ್ಯವಸ್ಥೆ ಎಲ್ಲಿದೆ ಅಂತ ಅಂಗಡಿಯಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿ. ಸುಡಬೇಡಿ, ಹೊಗೆಯೂ ವಿಷವೇ.

ಉಳಿದ ಔಷಧಿಯನ್ನು ಮಾತ್ರ ದಯವಿಟ್ಟು ಜ್ಯೂಸ್ ಬಾಟಲಿಗೆ ಹಾಕಿಡಬೇಡಿ. ಮಕ್ಕಳಿಗೆ ಬಾಟಲಿ ಗೊತ್ತು, ಒಳಗಿರೋದು ಗೊತ್ತಿಲ್ಲ. ಮೂಲ ಡಬ್ಬಿಯಲ್ಲೇ ಇದ್ದರೆ ಚೀಟಿ ಮೇಲೆ ವಿಷದ ಹೆಸರಿರುತ್ತದೆ. ಹೆಚ್ಚುಕಮ್ಮಿ ಆದರೆ ಡಾಕ್ಟರ್ ಮೊದಲು ಕೇಳೋದೇ ಅದನ್ನು.