ಮರಳಿನ ಡಬ್ಬ

ವೀಣಾ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದದ್ದು ಆಷಾಢದ ಒಂದು ಶನಿವಾರ. ವಯಸ್ಸು 36. ಬೆಂಗಳೂರಿನಲ್ಲಿ ಮನೆ, ಗಂಡ, ಎಂಟು ವರ್ಷದ ಮಗಳು. ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಮೇಲೆ ಕೊಡುತ್ತಾರೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇದನ್ನು ಬರೆಯುವ ಮುನ್ನ ಅವರನ್ನೂ ಅವರ ಅಮ್ಮನನ್ನೂ ಕೇಳಿದೆ. ಇಬ್ಬರೂ ಒಪ್ಪಿದರು.

ಕೂತ ಕೂಡಲೇ ಅವರು ಹೇಳಿದ್ದು ಮಗಳ ವಿಷಯ. "ಮಗು ಮೈದಾ ಡಬ್ಬ ಬೀಳಿಸಿಬಿಟ್ಟಳು ಮೇಡಂ. ಹೊಡೆದುಬಿಟ್ಟೆ. ಯಾವತ್ತೂ ಹೊಡೆದವಳಲ್ಲ ನಾನು. ಅವಳು ಅಳಲೂ ಇಲ್ಲ, ಸುಮ್ನೆ ನನ್ನನ್ನೇ ನೋಡ್ತಾ ನಿಂತಳು."

ಡಬ್ಬ ಬಿದ್ದರೆ ಯಾಕಿಷ್ಟು ಕೋಪ ಬಂತು ಅಂತ ಕೇಳಿದೆ. ತುಂಬ ಹೊತ್ತು ಮಾತಿಲ್ಲ. ಆಮೇಲೆ ಇನ್ನೊಂದು ಡಬ್ಬದ ಕಥೆ ಹೊರಗೆ ಬಂತು.

ವೀಣಾ ಹುಟ್ಟಿ ಬೆಳೆದದ್ದು ಹಾಸನ ಜಿಲ್ಲೆಯ ಒಂದು ಊರಿನಲ್ಲಿ. ಅದು ಬೇಕರಿಯವರ ತವರು. ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರು ಆ ಕಡೆಯ ಹಳ್ಳಿಗಳವರು. ಆದರೆ ಅವರ ಅಜ್ಜಿ, ಅಂದರೆ ಅಪ್ಪನ ತಾಯಿ, ಕೇಕ್ ಕಲಿತದ್ದು ಬೇಕರಿಯವರಿಂದಲ್ಲ. ಪಕ್ಕದ ಮನೆಗೆ ವರ್ಗವಾಗಿ ಬಂದಿದ್ದ ಟೀಚರ್ ಒಬ್ಬರಿಂದ. ಮನೆಯಲ್ಲಿ ಓವನ್ ಇರಲಿಲ್ಲ. ಹಳೇ ಅಲ್ಯೂಮಿನಿಯಂ ಕುಕ್ಕರ್‌ನ ತಳಕ್ಕೆ ಎರಡು ಬೆರಳು ದಪ್ಪ ಹೊಳೆ ಮರಳು ಹಾಕುವುದು. ಮುಚ್ಚಳದ ಗ್ಯಾಸ್ಕೆಟ್ ತೆಗೆದು, ವೆಯ್ಟ್ ಹಾಕದೆ, ಹತ್ತು ನಿಮಿಷ ಮರಳನ್ನು ಕಾಯಿಸುವುದು. ಆಮೇಲೆ ಹಿಟ್ಟಿನ ಪಾತ್ರೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಒಂದು ತೊಟ್ಟು ನೀರು ಹಾಕುವ ಹಾಗಿಲ್ಲ. ಮರಳು ಬಿಸಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಕೇಕಿನ ತಳ ಸೀಯುವುದಿಲ್ಲ. ಮನೆಯಲ್ಲಿ ಮೊಟ್ಟೆ ತಿನ್ನುತ್ತಿದ್ದರು. ಆದರೂ ದೇವರ ಮುಂದೆ ಇಟ್ಟೇ ತಿನ್ನಬೇಕು ಅಂತ ಅಜ್ಜಿ ಕೇಕಿಗೆ ಮೊಟ್ಟೆ ಹಾಕುತ್ತಿರಲಿಲ್ಲ. ಮೊಸರು, ಅಡುಗೆ ಸೋಡ, ಮನೆಯ ಬೆಣ್ಣೆ, ಕುಟ್ಟಿದ ಏಲಕ್ಕಿ, ಅಷ್ಟೇ.

ಆ ಮರಳು ಹೇಮಾವತಿ ಹೊಳೆಯದ್ದು. ಅಜ್ಜಿಯೇ ತಂದು, ತೊಳೆದು, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ ಒಂದು ಹಳೇ ಡಾಲ್ಡಾ ಡಬ್ಬದಲ್ಲಿ ತುಂಬಿಟ್ಟಿದ್ದರು. ನಲವತ್ತು ವರ್ಷ ಅದೇ ಮರಳು. ಕಾದು ಕಾದು ಕಪ್ಪಗಾಗಿತ್ತು. ಮೂರು ತಲೆಮಾರಿನ ಹುಟ್ಟುಹಬ್ಬದ ಕೇಕ್ ಅದರ ಮೇಲೇ ಬೆಂದಿತ್ತು.

ಅಜ್ಜಿ ತೀರಿಕೊಂಡು ಹನ್ನೊಂದನೇ ದಿನದ ತಿಥಿ ಮುಗಿಯಿತು. ಮಾರನೇ ದಿನ ಮನೆ ತೊಳೆದರು. ಆಗ ಅಮ್ಮ ಆ ಮರಳನ್ನು ಹಿತ್ತಲ ತಿಪ್ಪೆಗುಂಡಿಗೆ ಸುರಿದರು. ಡಬ್ಬ ಗುಜರಿಗೆ ಹೋಯಿತು. ವೀಣಾಗೆ ಗೊತ್ತಾದದ್ದು ಸಂಜೆ. ಅವರು ಅತ್ತರು. "ಮರಳಿಗೂ ಅಳ್ತೀಯಲ್ಲೇ" ಅಂದರಂತೆ ಅಮ್ಮ. ಅದಕ್ಕೆ ವೀಣಾ, ನೆಂಟರೆಲ್ಲ ಕೂತಿದ್ದ ಪಡಸಾಲೆಯಲ್ಲಿ, "ಅಜ್ಜಿ ಹೋದದ್ದೇ ನಿನಗೆ ಸಮಾಧಾನ, ಅಲ್ವಾ?" ಅಂದುಬಿಟ್ಟರು.

ಆಮೇಲೆ ಹದಿನಾಲ್ಕು ತಿಂಗಳು ತಾಯಿ ಮಗಳ ನಡುವೆ ಮಾತಿಲ್ಲ. ವರ್ಷದ ತಿಥಿಗೆ ಹೋದರೂ ನೆಂಟರ ಹಾಗೆ ಹೋಗಿ ಊಟ ಮಾಡಿ ಬಂದದ್ದು. ಈ ನಡುವೆ ವೀಣಾ ಅಜ್ಜಿಯ ಕೇಕನ್ನು ಹತ್ತು ಸಲವಾದರೂ ಮಾಡಲು ನೋಡಿದ್ದಾರೆ. ಒಂದು ಸಲವೂ ಬರಲಿಲ್ಲ. ಮೂರು ಅಂತಸ್ತಿನ ಮದುವೆ ಕೇಕ್ ಮಾಡುವ ಕೈ ಅವರದು! ಅಜ್ಜಿಯ ಡೈರಿಯಲ್ಲಿ ಬರೆದದ್ದು ಇಷ್ಟೇ: ಮೈದಾ ಒಂದು ಪಾವು, ಸಕ್ಕರೆ ಮುಕ್ಕಾಲು ಪಾವು, ಬೆಣ್ಣೆ ಎರಡು ನಿಂಬೆಗಾತ್ರ, ಸೋಡ ಅರ್ಧ ಚಮಚ, ಮೊಸರು ಕಲಸುವಷ್ಟು, ಹದ ನೋಡಿಕೊಳ್ಳುವುದು. ಪ್ರತಿ ಸಲವೂ ಕೇಕ್ ಗಟ್ಟಿಯಾಗುತ್ತಿತ್ತು, ಕೊನೆಯಲ್ಲಿ ಸೋಪಿನಂಥ ರುಚಿ. "ಆ ಮರಳು ಇದ್ದಿದ್ದರೆ ಬರ್ತಿತ್ತು" ಅಂತ ಅವರು ನಂಬಿದ್ದರು. ಮಗಳು ಬೀಳಿಸಿದ ಮೈದಾ ಹನ್ನೊಂದನೇ ಸಲಕ್ಕೆ ಅಳೆದಿಟ್ಟದ್ದು.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಆ ಮೊದಲ ದಿನವೇ ನಾನು, "ಅಮ್ಮನಿಗೂ ಏನೋ ಕಷ್ಟ ಇದ್ದಿರಬಹುದು ಅನ್ನಿಸಲ್ವಾ?" ಅಂತ ಕೇಳಿಬಿಟ್ಟೆ. ವೀಣಾ ಮುಖ ಮುಚ್ಚಿಹೋಯಿತು. ಮುಂದಿನ ವಾರ ಬರಲೇ ಇಲ್ಲ. ದುಃಖ ಹೇಳಿಕೊಳ್ಳಲು ಬಂದವರಿಗೆ ಎದುರು ಪಕ್ಷದ ಮಾತು ಅಷ್ಟು ಬೇಗ ಆಡಬಾರದು. ಎರಡು ವಾರ ಬಿಟ್ಟು ಬಂದಾಗ ಅದನ್ನೇ ಹೇಳಿ ಕ್ಷಮೆ ಕೇಳಿದೆ. ಆ ಇಡೀ ಗಂಟೆ ಅಜ್ಜಿಯ ಬಗ್ಗೆ ಮಾತ್ರ ಮಾತಾಡಿದೆವು. ಅಜ್ಜಿ ಕೇಕ್ ಬೆಂದಿದೆಯೋ ಇಲ್ಲವೋ ನೋಡಲು ತೆಂಗಿನ ಗರಿಯ ಕಡ್ಡಿ ಚುಚ್ಚುತ್ತಿದ್ದರು. ಆದರೆ ಅದಕ್ಕೂ ಮೊದಲೇ ಅಂಗಳದಲ್ಲಿ ಕೂತಲ್ಲಿಂದಲೇ "ಆಯ್ತು, ಇಳಿಸಿ" ಅನ್ನುತ್ತಿದ್ದರು. ಘಮಲಿನಲ್ಲೇ ಗೊತ್ತಾಗುತ್ತಿತ್ತು. ಇದನ್ನು ಹೇಳುವಾಗ ವೀಣಾ ಮೊದಲ ಸಲ ನಕ್ಕರು.

ವಾಸನೆಗೂ ನೆನಪಿಗೂ ಇರುವ ನಂಟು ಮಿದುಳಿನಲ್ಲೇ ಇದೆ. ಕಣ್ಣು, ಕಿವಿಯ ಸುದ್ದಿ ಮಿದುಳಿನೊಳಗೆ ಒಂದು ನಿಲ್ದಾಣ ದಾಟಿ ಮುಂದೆ ಹೋಗುತ್ತದೆ. ಮೂಗಿನ ಸುದ್ದಿ ಆ ನಿಲ್ದಾಣಕ್ಕೆ ಕಾಯದೆ ಭಾವನೆ ಮತ್ತು ನೆನಪಿನ ಜಾಗಗಳ ಹತ್ತಿರಕ್ಕೇ ಹೋಗುತ್ತದೆ. ಏಲಕ್ಕಿ ಘಮ ಬಂದರೆ ಅಜ್ಜಿಯೇ ಪಕ್ಕದಲ್ಲಿ ನಿಂತ ಹಾಗಾಗುತ್ತದೆ, ನನಗೇನೋ ಆಗಿದೆ ಅಂತ ವೀಣಾ ಹೆದರಿದ್ದರು. ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಇನ್ನೊಂದನ್ನು ನೋಡಲೇಬೇಕಿತ್ತು. ಇದು ಸಹಜ ದುಃಖವಾ, ಕಾಯಿಲೆಯ ಮಟ್ಟಕ್ಕೆ ಹೋಗಿದೆಯಾ? ಸಾವಾದ ಮೇಲೆ ತುಂಬ ದಿನ ಬಿಡದೆ ಕಾಡುವ ದುಃಖವನ್ನು ಈಗ ವೈದ್ಯರು ಒಂದು ಸಮಸ್ಯೆಯಾಗಿ ಗುರುತಿಸುತ್ತಾರೆ. ಹಾಗೆ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಅದು ಕನಿಷ್ಠ 6 ತಿಂಗಳು ಕಾಡಿರಬೇಕು. ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ, ದೊಡ್ಡವರಿಗೆ, 12 ತಿಂಗಳು. ಆದರೆ ಬರೀ ದಿನ ಎಣಿಸಿದರೆ ಸಾಲದು. ನಿದ್ದೆ, ಊಟ, ಕೆಲಸ ಹೇಗಿದೆ, ಬದುಕೇ ಬೇಡ ಅನ್ನಿಸುತ್ತದಾ, ಇದನ್ನೆಲ್ಲ ನೇರವಾಗಿ ಕೇಳಬೇಕು. ನಾನು ಕೇಳಿದೆ. ವೀಣಾ ನಿದ್ದೆ ಮಾಡುತ್ತಿದ್ದರು, ಆರ್ಡರ್ ತಪ್ಪಿಸಿರಲಿಲ್ಲ, ಗೆಳತಿಯರೊಂದಿಗೆ ನಗುತ್ತಿದ್ದರು. ಅವರದ್ದು ಕಾಯಿಲೆಯಲ್ಲ, ದಾರಿ ಸಿಗದೆ ನಿಂತ ದುಃಖ. ಹಾಗಂತ ಸ್ಪಷ್ಟವಾಗಿ ಹೇಳಿದೆ. ಬೇರೆಯ ಉತ್ತರ ಬಂದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಓದುವವರಲ್ಲಿ ಯಾರಿಗಾದರೂ ಬದುಕೇ ಬೇಡ ಅನ್ನಿಸುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ಭೇಟಿಯಲ್ಲಿ ವೀಣಾ ಕೇಳಿದರು, "ಅಜ್ಜೀನ ಮರೆತುಬಿಡಬೇಕಾ ಮೇಡಂ? ಎಲ್ಲರೂ ಅದನ್ನೇ ಹೇಳ್ತಾರೆ."

ಬೇಡ ಅಂದೆ. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಂಡರೇ ದುಃಖ ಮುಗಿಯುವುದು ಅಂತ ನಮ್ಮ ಮನಃಶಾಸ್ತ್ರದಲ್ಲೂ ಬಹಳ ಕಾಲ ನಂಬಿದ್ದರು. ಮನೋವಿಶ್ಲೇಷಣೆಯನ್ನು ಶುರುಮಾಡಿದ ಫ್ರಾಯ್ಡ್ 1917ರಲ್ಲಿ ಬರೆದದ್ದರ ಎಳೆ ಅದು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಮೂವರು ಸಂಶೋಧಕರು ಇದಕ್ಕೆ ಎದುರಾದ ಮಾತು ಹೇಳಿದರು. ಸತ್ತವರ ಜೊತೆಗಿನ ನಂಟು ಮುಗಿಯಬೇಕಿಲ್ಲ, ರೂಪ ಬದಲಿಸಿಕೊಂಡು ಉಳಿಯುತ್ತದೆ, ಅದು ಆರೋಗ್ಯವೇ ಅಂತ. ವರ್ಷ ವರ್ಷ ಹಿರಿಯರಿಗೆ ಎಡೆ ಇಡುವ ನಮ್ಮವರಿಗೆ ಇದು ಹೊಸ ಮಾತೇನಲ್ಲ. ಹೋದವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುತ್ತೇವಲ್ಲ.

ಆ ದಿನ ಎರಡು ಕೆಲಸ ಕೊಟ್ಟೆ. ಮೊದಲನೆಯದು ಮಗಳದ್ದು. "ಡಬ್ಬ ಬಿದ್ದದ್ದಕ್ಕಲ್ಲ, ಅಜ್ಜಿ ನೆನಪಾಗಿ ಕೋಪ ಬಂತು, ಹೊಡೆದದ್ದು ನನ್ನ ತಪ್ಪು" ಅಂತ ಮಗುವಿಗೆ ಅರ್ಥವಾಗುವ ಮಾತಲ್ಲಿ ಹೇಳಿ, ಇಷ್ಟಕ್ಕೇ ನಿಲ್ಲಿಸಿ, ಸಮಜಾಯಿಷಿ ಬೇಡ ಅಂದೆ. ಎಂಟು ವರ್ಷದ ಮಕ್ಕಳು ಕಾರಣ ಗೊತ್ತಾಗದ ಸಿಟ್ಟನ್ನೆಲ್ಲ ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ.

ಎರಡನೆಯದು ಅಮ್ಮನದ್ದು. ಇದರ ಬಗ್ಗೆ ನಾನು ತುಂಬ ಯೋಚಿಸಿದ್ದೆ. ಮರಳು ಯಾಕೆ ಚೆಲ್ಲಿದೆ ಅಂತ ಕೇಳಿದರೆ ಜಗಳ. ಕ್ಷಮಿಸು ಅಂದರೆ, ಮನಸ್ಸಿನಲ್ಲಿ ಇಲ್ಲದ ಕ್ಷಮೆ. ಆದ್ದರಿಂದ ಎರಡೂ ಬೇಡ ಅಂದೆ. "ಫೋನ್ ಮಾಡಿ. ಕೇಕ್ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿ. ಅಜ್ಜಿ ಕೇಕ್ ನನಗೆ ಬರ್ತಿಲ್ಲ, ಏನು ತಪ್ತಿದೆ ಅಂತ. ಅಡುಗೆಮನೆಯಲ್ಲಿ ಅಷ್ಟು ವರ್ಷ ಅಜ್ಜಿ ಪಕ್ಕದಲ್ಲಿ ನಿಂತಿದ್ದವರು ಇನ್ಯಾರು?" ವೀಣಾ ಇದನ್ನು ಯೋಚಿಸಿಯೇ ಇರಲಿಲ್ಲ. ಅವರ ನೆನಪಿನ ಚಿತ್ರದಲ್ಲಿ ಒಲೆಯ ಮುಂದೆ ಅಜ್ಜಿ ಒಬ್ಬರೇ ಇದ್ದರು.

ಒಂಬತ್ತು ದಿನ ಬೇಕಾಯಿತು ಫೋನ್ ಮಾಡಲು. ಅಮ್ಮ ಎತ್ತಿಕೊಂಡರು. ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಸರು ಯಾವುದು ಹಾಕ್ತಿದ್ದೀಯ?" ಅಂದರು.

"ಪ್ಯಾಕೆಟ್ ಮೊಸರು."

"ಅದಕ್ಕೆ ಹುಳಿ ಎಲ್ಲಿಂದ ಬರಬೇಕು? ಎರಡು ದಿನದ ಮೊಸರು ಕಣೇ ಅದು. ಕೇಕ್ ಅಂದ ಕೂಡಲೇ ನಾನೇ ಹೆಪ್ಪು ಹಾಕಿ ಒಲೆ ಮೂಲೆಯಲ್ಲಿ ಹುಳಿ ಬರೋಕೆ ಇಡ್ತಿದ್ದೆ. ಅತ್ತೆ ಅದನ್ನ ಬರೆದಿರಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಕೈ ಚಾಚಿದ ಕಡೆ ಮೊಸರು ಇರ್ತಿತ್ತು, ಹಾಕ್ತಿದ್ರು."

ಸೋಡ ಉಬ್ಬಬೇಕಾದರೆ ಹುಳಿ ಬೇಕು. ಹುಳಿ ಸಾಲದಿದ್ದರೆ ಹಿಟ್ಟು ಮೇಲೇಳುವುದಿಲ್ಲ, ಮಿಕ್ಕ ಸೋಡ ಬಾಯಿಗೆ ಸೋಪಿನ ಹಾಗೆ ಹತ್ತುತ್ತದೆ. ತಪ್ಪುತ್ತಿದ್ದದ್ದು ಇಷ್ಟೇ. ಮರಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಈ ಮಾತನ್ನು ನನಗೆ ಹೇಳುವಾಗ ವೀಣಾ ಬಿಕ್ಕಿ ಬಿಕ್ಕಿ ಅತ್ತರು. "ಅಜ್ಜಿ ಕೇಕ್ ಅಂತಲೇ ಕರೀತಿದ್ವಿ ಮೇಡಂ. ಅರ್ಧ ಅಮ್ಮನದೇ ಆಗಿತ್ತು. ನಾವ್ಯಾರೂ ನೋಡಲೇ ಇಲ್ಲ." ನಾನು ಏನೂ ಹೇಳಲಿಲ್ಲ. ಮೊದಲ ದಿನ ನಾನು ಅವಸರದಲ್ಲಿ ತುರುಕಲು ನೋಡಿದ್ದ ಮಾತಿಗೆ ಅವರೇ ತಮ್ಮ ದಾರಿಯಲ್ಲಿ ಬಂದಿದ್ದರು.

ಮರಳಿನ ವಿಷಯ ಬಂದದ್ದು ಇನ್ನೂ ಮೂರು ಫೋನ್ ಆದಮೇಲೆ. ಅದನ್ನು ವೀಣಾ ಕೇಳಲಿಲ್ಲ, ಅಮ್ಮನೇ ಹೇಳಿದರು. ಅಜ್ಜಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ಹೋಗಿತ್ತು. ಕೊನೆಯ ಮೂರು ವರ್ಷ ಹಾಸಿಗೆಯಲ್ಲೇ. ಒಂದು ಮಧ್ಯಾಹ್ನ ಅವರು ಮರಳಿನ ಡಬ್ಬ ತಂದುಕೊಡು ಅಂದರಂತೆ. ಅಮ್ಮ ಅಟ್ಟದಿಂದ ಇಳಿಸಿಕೊಟ್ಟರು. ಅಜ್ಜಿ ಎಡಗೈಯಲ್ಲಿ ಜರಡಿ ಹಿಡಿಯಲು ಹೋದರು, ಆಗಲಿಲ್ಲ. ಮರಳು ಹಾಸಿಗೆಯ ಮೇಲೆಲ್ಲ ಚೆಲ್ಲಿತು. "ಅತ್ತೆ ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ. ಒಂದೊಂದೇ ಕಾಳು ಆರಿಸಿ ಮತ್ತೆ ಡಬ್ಬಕ್ಕೆ ತುಂಬಿದೆ. ಆಮೇಲೆ ಆ ಡಬ್ಬ ಕಣ್ಣಿಗೆ ಬಿದ್ದರೆ ನನಗೆ ಅದೇ ನೆನಪು. ಯಾರಿಗೆ ಹೇಳಲಿ?"

ಒಂದೇ ಡಬ್ಬ. ಮೊಮ್ಮಗಳಿಗೆ ಅದು ಹುಟ್ಟುಹಬ್ಬ, ಸೊಸೆಗೆ ಆ ಮಧ್ಯಾಹ್ನ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ದುಃಖ ಸಾವಿಗಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಎಲ್ಲರೂ ಅಳುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಬತ್ತಿರುತ್ತದೆ. ಒಂದು ನಿಟ್ಟುಸಿರು ಬಂದರೂ ಬರಬಹುದು. ಅದನ್ನು ನೋಡಿ ಇವರಿಗೆ ದುಃಖವೇ ಇಲ್ಲ ಅನ್ನುವವರು ನಮ್ಮ ಮನೆಗಳಲ್ಲಿ ಜಾಸ್ತಿ. ಸೊಸೆಯಾದರಂತೂ ಕೇಳುವುದೇ ಬೇಡ. ಈ ಕೆಲಸದಲ್ಲಿ ನನಗೆ ತುಂಬ ನೋವಾಗುವ ಜಾಗ ಇದು.

ಐದನೇ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಪಡಸಾಲೆಯಲ್ಲಿ ಆಡಿದ ಆ ಮಾತಿನ ಬಗ್ಗೆ. "ಅದನ್ನು ನಾಲ್ಕು ಜನರ ಮುಂದೆ ಆಡಿದ್ದಿರಿ. ವಾಪಸ್ ತಗೊಳ್ಳುವುದನ್ನೂ ನಾಲ್ಕು ಜನರ ಮುಂದೆಯೇ ಮಾಡಿ. ಫೋನಲ್ಲಿ ಬೇಡ. ದೊಡ್ಡ ಮಾತೂ ಬೇಡ." ಮಹಾಲಯ ಅಮಾವಾಸ್ಯೆ ಹತ್ತಿರವಿತ್ತು. ಅವರ ಮನೆಯಲ್ಲಿ ಅಂದು ಹಿರಿಯರಿಗೆ ಎಡೆ ಇಡುತ್ತಾರೆ, ನೆಂಟರೆಲ್ಲ ಸೇರುತ್ತಾರೆ. ಮಗಳನ್ನು ಕರೆದುಕೊಂಡು ಎರಡು ದಿನ ಮೊದಲೇ ಹೋಗಿ ಅಂದೆ. ಹೆಪ್ಪು ಹಾಕಿದ ಮೊಸರಿಗೆ ಹುಳಿ ಬರಲೂ ಅಷ್ಟು ದಿನ ಬೇಕಲ್ಲ.

ಹೋದರು. ಹೊಳೆ ಮರಳು ಈಗ ಸುಲಭಕ್ಕೆ ಸಿಗುವುದಿಲ್ಲ. ಮನೆ ಕಟ್ಟುವ ಎಂ-ಸ್ಯಾಂಡ್ ಒಲೆಗೆ ಬೇಡ ಅನ್ನಿಸಿತು. ಅಮ್ಮನೇ "ಉಪ್ಪು ಹಾಕೋಣ" ಅಂದರಂತೆ. ಎರಡು ಸೇರು ಕಲ್ಲುಪ್ಪು ಕುಕ್ಕರ್‌ನ ತಳಕ್ಕೆ. ಮೈದಾ ಜರಡಿ ಹಿಡಿದದ್ದು ಮಗು. ಹಿಟ್ಟು ಕಲಸಿದ್ದು ವೀಣಾ. ಉರಿ ನೋಡಿಕೊಳ್ಳುತ್ತಾ ಮುಕ್ಕಾಲು ಗಂಟೆ ಒಲೆಯ ಮುಂದೆ ನಿಂತದ್ದು ಅಮ್ಮ, ಎಂದಿನ ಹಾಗೆ. ಕೇಕ್ ಎದ್ದಿತು. ಬಾಳೆಲೆಯಲ್ಲಿ ಕಜ್ಜಾಯದ ಪಕ್ಕ ಒಂದು ತುಂಡು ಇಟ್ಟರು. ವೀಣಾ ಎಲ್ಲರಿಗೂ ಹಂಚುತ್ತಾ, "ಇದು ಅಜ್ಜಿ ಮತ್ತೆ ಅಮ್ಮನ ಕೇಕ್. ಅವತ್ತು ನಾನು ಅಮ್ಮನಿಗೆ ಅಂದದ್ದು ತಪ್ಪು" ಅಂದರು. ಯಾರೂ ಏನೂ ಹೇಳಲಿಲ್ಲ. ಸೋದರತ್ತೆ ಒಬ್ಬರು ಎದ್ದು ಒಳಗೆ ಹೋದರು. ಮರಳು ಚೆಲ್ಲಿದ ಸಿಟ್ಟು ಅವರಿಗೆ ಇನ್ನೂ ಇದೆ.

ಆರನೇ ಭೇಟಿ ಕೊನೆಯದು. ಆ ಉಪ್ಪು ಕಂದು ಬಣ್ಣಕ್ಕೆ ತಿರುಗಿ ಈಗ ಬೆಂಗಳೂರಿನ ಮನೆಯಲ್ಲಿ ಒಂದು ಸ್ಟೀಲ್ ಡಬ್ಬದಲ್ಲಿದೆ. ಸಾರಿಗೆ ಹಾಕಬೇಡಿ ಅಂತ ಮಗಳು ಅದರ ಮೇಲೆ ಚೀಟಿ ಅಂಟಿಸಿದ್ದಾಳಂತೆ.

ಹೋದ ವಾರ ನನಗೊಂದು ಫೋನ್ ಬಂತು. ವೀಣಾ ಅವರ ಅಮ್ಮ. ಮಗಳ ಬಗ್ಗೆ ಎರಡು ಮಾತಾಡಿ, ಸ್ವಲ್ಪ ತಡೆದು, "ನನಗೂ ಒಂದು ದಿನ ಟೈಮ್ ಕೊಡ್ತೀರಾ? ಆ ಮೂರು ವರ್ಷದ್ದು ಯಾರ ಹತ್ತಿರವೂ ಹೇಳಿಲ್ಲ" ಅಂದರು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರೆದುಕೊಂಡಿದ್ದೇನೆ.